ಮುಖ ನೋಡಿ ಆಡುವ ಮಾತು

ನಾಶಿಕ ರೋಡ್
೧೨ ಜುಲೈ ೧೯೮೬

ಸೊಸೆ ಗೋದಾವರಿಗೆ,

ನೀನು ಔರಂಗಾಬಾದಿಗೆ ಹೋಗಿ ತಿಂಗಳಾಯಿತು. ಹೆಂಡತಿಗೆ ಕಾಗದ ಬರೆಯುವುದು ಗಂಡನ ಕೆಲಸ, ಮಾವನದಲ್ಲ. ಆದರೆ ನನ್ನ ಮಗ ನೋಟಿನ ಪ್ರೆಸ್ಸಿನಿಂದ ಬಂದವನೇ ಮುಖ ಊದಿಸಿಕೊಂಡು ಕೂಡುತ್ತಾನೆ. ನಿನಗೆ ವಿಶ್ವವಿದ್ಯಾಲಯದ ನೌಕರಿ ಸಿಕ್ಕಿತೆಂದು ಕ್ವಾರ್ಟರ್ಸಿಗೆಲ್ಲ ಪೇಢಾ ಹಂಚಿದವನೂ ಇದೇ ವೈಜನಾಥನೇ. ಇರಲಿ. ಭಾಲ್ಕಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಜನ್ಮವೆಲ್ಲ ರಸೀದಿ ಬರೆದವನು ನಾನು, ಸೊಸೆಗೊಂದು ಕಾಗದ ಬರೆಯಲಾರೆನೇ?

ವಿಷಯ ನಿನ್ನ ಮಗಳದು. ನೀರಜಾ ಒಂದನೇ ಇಯತ್ತೆಗೆ ಹೋಗತೊಡಗಿದ ಮೇಲೆ ಶಾಲೆಯಿಂದ ಒಂದೇ ಸಮನೆ ದೂರು. ಅವಳ ಟೀಚರು ಪ್ರೇಮಾಬಾಯಿ ನಿನ್ನೆ ನನ್ನನ್ನು ಗೇಟಿನಲ್ಲೇ ಹಿಡಿದಳು. ಹುಡುಗಿ ಕರೆದರೆ ಓ ಅನ್ನುವುದಿಲ್ಲವಂತೆ. ಉಕ್ತಲೇಖನ ಹೇಳಿದರೆ ಪಕ್ಕದವಳ ಪಾಟಿ ನೋಡಿ ಬರೆಯುತ್ತಾಳಂತೆ. "ಮನೆಯಲ್ಲಿ ಕಾನಡಿ, ಶಾಲೆಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ. ಆ ಕೂಸಿನ ತಲೆಯಲ್ಲಿ ಎಲ್ಲ ಕಲಸಿಹೋಗಿದೆ, ಆಜೋಬಾ" ಎಂದಳು. ನಾನು ಬಿಡಲಿಲ್ಲ. ಮಡಿಲಲ್ಲಿ ಕೂಡಿಸಿಕೊಂಡು ಕನ್ನಡದಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತಾಳೆ ನಮ್ಮ ನೀರವ್ವ, ಎಂದೆ. ಅದಕ್ಕವಳು, "ಅದೇ ನಾನು ಹೇಳಿದ್ದು, ಕಾನಡಿ ಒಳಗೆ ಕೂತಿದೆ, ಮರಾಠಿಯನ್ನು ಒಳಗೆ ಬಿಡುತ್ತಿಲ್ಲ" ಎಂದುಬಿಟ್ಟಳು. ನನ್ನ ಸಾಕ್ಷಿ ನನಗೇ ತಿರುಗಿತು.

ವೈಜನಾಥ ಅವಳ ಮಾತಿಗೇ ಹೂಂಗುಟ್ಟಿದ. ನಾಳೆಯಿಂದ ಮಗುವಿನ ಎದುರು ಯಾರೂ ಕನ್ನಡ ಆಡಕೂಡದು ಎಂದು ಫರ್ಮಾನು ಹೊರಡಿಸಿದ್ದಾನೆ. ನಿನ್ನ ಅತ್ತೆ ಈರಮ್ಮ ಒಲೆಯ ಮುಂದಿನಿಂದಲೇ, "ಮರಾಠಿ ಮಾತಾಡೋದಕ್ಕಿಂತ ನಾ ಬಾಯಿಗಿ ಬೀಗ ಹಾಕೊಂಡು ಕುಂಡ್ರತೀನಿ, ತಗೋ" ಅಂದಳು. ಆ ಭಾಗ್ಯ ನಮಗೆಲ್ಲಿ!

ನೀನು ಕಲಿಸುವುದನ್ನೇ ಕಸುಬು ಮಾಡಿಕೊಂಡವಳು. ನನ್ನ ಮೊಮ್ಮಗಳ ಸಂಗಡ ನಾನು ನನ್ನ ಮಾತು ಆಡಬೇಕೋ ಬೇಡವೋ, ನೀನೇ ತೀರ್ಪು ಹೇಳು.

ಮನ್ಮಥಪ್ಪ


ಔರಂಗಾಬಾದ
೨೩ ಜುಲೈ ೧೯೮೬

ಮಾವನವರಿಗೆ ಶರಣು.

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ನಾನೂ ಒಂದೆರಡು ಪುಸ್ತಕ ನೋಡಿದೆ, ಇಲ್ಲಿನ ಶಿಕ್ಷಣ ವಿಭಾಗದವರನ್ನೂ ಕೇಳಿದೆ. ಸಣ್ಣ ಮಕ್ಕಳಿಗೆ ಮೊದಲು ಒಂದು ಭಾಷೆ ಗಟ್ಟಿಯಾಗಲಿ ಎಂದೇ ಎಲ್ಲರೂ ಅಂದರು. ಅವಳು ಶಾಲೆ ಕಲಿಯಬೇಕಾದದ್ದು ಮರಾಠಿಯಲ್ಲಿ. ಹೊಟ್ಟೆಗೆ ಹಾಕಿಕೊಳ್ಳಿರಿ, ಈ ವರ್ಷ ಒಂದು ಮರಾಠಿಯಲ್ಲೇ ಮಾತಾಡಿರಿ. ಕನ್ನಡ ಎಲ್ಲಿ ಓಡಿಹೋಗುತ್ತದೆ?

ನನ್ನ ಕ್ಲಾಸಿನ ಸುದ್ದಿ ಕೇಳಿರಿ. ಎಮ್.ಎ. ಮೊದಲ ವರ್ಷದ ಅರ್ಥಶಾಸ್ತ್ರ. ಹುಡುಗರೆಲ್ಲ ಬೀಡ, ಜಾಲನಾ, ಪೈಠಣದ ಕಡೆಯ ಹಳ್ಳಿಗಳಿಂದ ಬಂದವರು, ಮರಾಠಿಯಲ್ಲಿ ಓದಿದವರು. ನಾವು ಪಾಠ ಹೇಳುವುದು ಇಂಗ್ಲಿಷಿನಲ್ಲಿ. ಒಂದು ತಾಸು ಹೇಳಿ, ಕೊನೆಗೆ "ಕಳಲಂ ಕಾ?", ತಿಳಿಯಿತಾ ಎಂದು ಕೇಳುವುದು ಇಲ್ಲಿನ ಪದ್ಧತಿ. ಇಡೀ ಕ್ಲಾಸು ಒಂದೇ ದನಿಯಲ್ಲಿ "ಹೋ!", ಹೌದು, ಅನ್ನುತ್ತದೆ. ಮೊದಲ ವಾರ ಆ "ಹೋ" ಕೇಳಿ ಉಬ್ಬಿಹೋಗಿದ್ದೆ. ಒಂದು ಸಣ್ಣ ಪರೀಕ್ಷೆ ಕೊಟ್ಟು ನೋಡಿದರೆ ಹಾಳೆಗಳಲ್ಲಿ ಬರೀ ಪುಸ್ತಕದ ಸಾಲು, ತಿಳಿವಳಿಕೆ ಸೊನ್ನೆ. ತಿಳಿದಿಲ್ಲ ಎಂದರೆ ಗುರುಗಳಿಗೆ ಅವಮಾನವಾಗುತ್ತದೆ ಎಂದು ಪಾಪ ಅವರು "ಹೋ" ಅನ್ನುವುದು.

ಅಂದಿನಿಂದ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಬೆಲೆಗೂ ಬೇಡಿಕೆಗೂ ಇರುವ ಸಂಬಂಧ ಹೇಳಬೇಕಿತ್ತು. ಬೋರ್ಡಿನ ಮೇಲೆ ರೇಖೆ ಎಳೆಯುತ್ತ ಮರಾಠಿಯಲ್ಲಿ ಕೇಳಿದೆ, "ಉಪ್ಪಿನ ಬೆಲೆ ಎರಡು ಪಟ್ಟಾದರೆ ನಿಮ್ಮ ತಾಯಿ ಪಲ್ಯಕ್ಕೆ ಅರ್ಧ ಉಪ್ಪು ಹಾಕುತ್ತಾಳಾ? ಸೀತಾಫಲ ಎರಡು ಪಟ್ಟಾದರೆ?" ನಗೆ ಎದ್ದಿತು, ಆಮೇಲೆ ಜಗಳವೇ ಎದ್ದಿತು. ಆ ಜಗಳದಲ್ಲಿ ಪಾಠ ಆಗಿಹೋಯಿತು. ನಮ್ಮ ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಮೇಡಂ, ಇದು ವಿಶ್ವವಿದ್ಯಾಲಯ, ಬಾಲವಾಡಿಯಲ್ಲ" ಅಂದರು. ವರ್ಷದ ಕೊನೆಗೆ ನನ್ನ ನೌಕರಿ ಕಾಯಂ ಆಗಬೇಕಾದರೆ ಅವರ ವರದಿ ಬೇಕು, ಗೊತ್ತಿದೆ. ಆದರೂ ನನ್ನ ಮಾತು ಹಿಂದಿನ ಬೆಂಚಿಗೆ ಮುಟ್ಟದಿದ್ದರೆ ನಾನು ಸಂಬಳ ತೆಗೆದುಕೊಳ್ಳುವುದು ಯಾತಕ್ಕೆ, ನೀವೇ ಹೇಳಿರಿ.

ನೀರವ್ವನಿಗೆ ಮುದ್ದು. ಮರಾಠಿಯಲ್ಲೇ ಮುದ್ದಿಸಿರಿ ಮತ್ತೆ!

ಗೋದಾವರಿ


ನಾಶಿಕ ರೋಡ್
೬ ಸೆಪ್ಟೆಂಬರ್ ೧೯೮೬

ಗೋದಾವರಿಗೆ,

ನಿನ್ನ ತೀರ್ಪು ಪಾಲಿಸುತ್ತಿದ್ದೇನೆ. ನನ್ನ ಮರಾಠಿ ಗೂಡ್ಸ್ ಶೆಡ್ಡಿನ ಮರಾಠಿ. "ಪೋತೀ ಕಿತಿ?", "ಉಚಲ, ಉಚಲ!", ಅಂದರೆ ಮೂಟೆ ಎಷ್ಟು, ಎತ್ತು ಎತ್ತು. ಇಷ್ಟು ಬಂಡವಾಳದಲ್ಲಿ ಮೊಮ್ಮಗಳಿಗೆ ಯಾವ ಕತೆ ಹೇಳಲಿ? ಮೇಲಾಗಿ ಪಕ್ಕದ ಮನೆಯ ಕುಲಕರ್ಣಿ ನನ್ನ ವ್ಯಾಕರಣ ಕೇಳಿ ನಗುತ್ತಾನೆಂದು ಸಣ್ಣ ದನಿಯಲ್ಲಿ, ಕಳ್ಳನ ಹಾಗೆ ಮಾತಾಡುತ್ತೇನೆ. ನನ್ನ ದನಿಗೆ ಭಾಲ್ಕಿಯಲ್ಲಿ ಹಮಾಲರು ಹೆದರುತ್ತಿದ್ದರು ಎಂದರೆ ಇಲ್ಲಿ ಯಾರೂ ನಂಬಲಿಕ್ಕಿಲ್ಲ.

ನೀರಜಾ ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾಳೆ. ಆಮೇಲೆ ಎದ್ದು ಹೋಗುತ್ತಾಳೆ. ಮೊದಲು ನಾನು ಸಂಜೆ ಕಟ್ಟೆಗೆ ಕೂತರೆ ಸಾಕು, ಓಡಿ ಬಂದು ತೊಡೆ ಏರುತ್ತಿದ್ದಳು. ಈಗ ಬರುವುದೇ ಇಲ್ಲ. ಮೊನ್ನೆ ಕರೆದೆ, ತಿರುಗಿಯೂ ನೋಡಲಿಲ್ಲ. ಮುನಿದಿದ್ದಾಳೆ ಎಂದುಕೊಂಡೆ. ನಿಜ ಹೇಳಲೇನೇ, ಮಗನ ಮನೆಯಲ್ಲಿ ನಾನು ಪರದೇಶಿಯಾಗಿದ್ದೇನೆ ಅನ್ನಿಸಿತು.

ಶಾಲೆಯಲ್ಲಿ ಸುಧಾರಿಸಿತೋ ಎಂದರೆ ಅದೂ ಇಲ್ಲ. ಮೊದಲು ಮನೆಯಲ್ಲಾದರೂ ಮಾತಾಡುತ್ತಿದ್ದಳು, ಈಗ ಅಲ್ಲೂ ಇಲ್ಲ ಇಲ್ಲೂ ಇಲ್ಲ. ಪ್ರೇಮಾಬಾಯಿ ಈ ಸಲ ಬೇರೆ ರಾಗ ತೆಗೆದಿದ್ದಾಳೆ. ಹುಡುಗಿ ಬುದ್ಧಿಯಲ್ಲಿ ಸ್ವಲ್ಪ ಮಂದ ಇರಬಹುದು, ತಾಯಿ ಹತ್ತಿರ ಇಲ್ಲವಲ್ಲ, ಅಂದಳಂತೆ. ಅದನ್ನು ಕೇಳಿ ಬಂದವನೇ ನಿನ್ನ ಗಂಡ ಊಟ ಬಿಟ್ಟು ಎದ್ದ. ಅವನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಒಂದಕ್ಷರವೂ ನನ್ನದಲ್ಲ:

"ಮಂದಿ ಮಕ್ಕಳಿಗಿ ಕಲಿಸ್ಲಾಕ ಹೋಗಿ ಸ್ವಂತ ಕೂಸು ಮೂಕಿ ಆಗ್ಲತ್ತದ. ದೀಪಾವಳಿಗಿ ಬಂದಾಕಿ ವಾಪಸ್ ಹೋಗಬ್ಯಾಡ, ರಾಜೀನಾಮೆ ಕೊಟ್ಟೇ ಬಾ ಅಂತ ಬರೀ ಅಪ್ಪಾ."

ಬರೆದಿದ್ದೇನೆ. ಈರಮ್ಮ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದರೆ ಅವಳೂ ಅದನ್ನೇ ಅನ್ನುತ್ತಿದ್ದಾಳೆ ಎಂದು ನಿನಗೆ ಗೊತ್ತು.

ಮನ್ಮಥಪ್ಪ


ಔರಂಗಾಬಾದ
೨೨ ಸೆಪ್ಟೆಂಬರ್ ೧೯೮೬

ಮಾವನವರಿಗೆ ಶರಣು.

ನಿಮ್ಮ ಕಾಗದ ಓದಿ ಸಿಟ್ಟೂ ಬಂತು, ಕಣ್ಣೀರೂ ಬಂತು. ತಕ್ಷಣ ಉತ್ತರ ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ. ಅದಕ್ಕೇ ತಡೆದೆ. ಈಗ ಬರೆಯುತ್ತಿರುವುದು ಬೇರೆಯೇ ವಿಷಯ. ದಯವಿಟ್ಟು ಕೊನೆಯತನಕ ಸಾವಕಾಶ ಓದಿರಿ.

ನನ್ನ ಕ್ಲಾಸಿನಲ್ಲಿ ಸಗುಣಾ ಎಂಬ ಹುಡುಗಿ ಇದ್ದಾಳೆ. ಪೈಠಣದವಳು, ಪೈಠಣಿ ಸೀರೆ ನೇಯುವವರ ಮಗಳು. ಮೊದಲ ಬೆಂಚು ಬಿಟ್ಟು ಕೂಡುವವಳಲ್ಲ, ಬಾಯಿ ಬಿಡುವವಳೂ ಅಲ್ಲ. ತಿಂಗಳ ಪರೀಕ್ಷೆಯಲ್ಲಿ ಎಲ್ಲಕ್ಕೂ ಚೆನ್ನಾಗಿ ಬರೆದಿದ್ದಳು. ಉಪ್ಪಿನ ಪ್ರಶ್ನೆ ಮಾತ್ರ ಖಾಲಿ. ಇಡೀ ಕ್ಲಾಸಿಗೇ ಉತ್ತರ ಬಂದ ಪ್ರಶ್ನೆ ಅದು! ಕಾರಿಡಾರಿನಲ್ಲಿ ಹಿಂದಿನಿಂದ ಕರೆದೆ, ಅವಳು ನಡೆದೇ ಹೋದಳು. ಎಂಥ ಸೊಕ್ಕಿನ ಹುಡುಗಿ ಅಂದುಕೊಂಡೆ. ಆಮೇಲೆ ವಾರಗಟ್ಟಲೆ ಕ್ಲಾಸಿಗೇ ಬರಲಿಲ್ಲ. ಮನಸ್ಸು ತಡೆಯದೆ ನಿನ್ನೆ ಭಾನುವಾರ ಬಸ್ಸು ಹತ್ತಿ ಪೈಠಣಕ್ಕೆ ಹೋದೆ.

ಮನೆಯೊಳಗೆ ಮಗ್ಗ ಖಟಖಟ ನಡೆದಿತ್ತು. ಅವಳ ತಾಯಿ ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ನಿನ್ನ ಮೇಡಂ ಬಂದಿದ್ದಾರೆ, ಚಹಾ ಇಡು" ಅಂದಳು. ನಾನು ಪಿಳಿಪಿಳಿ ನೋಡಿದೆ. ಆ ತಾಯಿ ಹೇಳಿದಳು: ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಮಂದವಾದವಂತೆ. ಎದುರಿಗೆ ಕೂತು ಮುಖ ತೋರಿಸಿ ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳಂತೆ. "ನೀವು ಒಳ್ಳೆಯ ಮಾತುಗಳನ್ನೆಲ್ಲ ಬೋರ್ಡಿನ ಕಡೆ ತಿರುಗಿ ಹೇಳುತ್ತೀರಂತಲ್ಲ, ಅದಕ್ಕೇ ಅವಳು ಬಿಟ್ಟು ಬಂದಳು" ಎಂದಳು. ಬಾಲವಾಡಿ ಎನ್ನಿಸಿಕೊಂಡು ಹೆಮ್ಮೆ ಪಟ್ಟವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾಳೆಯಿಂದ ಮೊದಲು ಬರೆಯುತ್ತೇನೆ, ಆಮೇಲೆ ತಿರುಗಿ ಮಾತಾಡುತ್ತೇನೆ ಎಂದು ಅವಳ ಕೈ ಹಿಡಿದು ಹೇಳಿ ಬಂದೆ.

ಮಾವನವರೇ, ವಾಪಸು ಬರುವಾಗ ಬಸ್ಸಿನಲ್ಲಿ ನಿಮ್ಮ ಕಾಗದಗಳು ನೆನಪಾದವು. ನಮ್ಮ ನೀರಜಾ ಕರೆದರೆ ತಿರುಗುವುದಿಲ್ಲ. ಪಕ್ಕದವಳ ಪಾಟಿ ನೋಡಿ ಬರೆಯುತ್ತಾಳೆ. ಮಡಿಲಲ್ಲಿ ಕೂಡಿಸಿಕೊಂಡು ನೀವು ಗಟ್ಟಿಯಾಗಿ ಮಾತಾಡಿದರೆ ಉತ್ತರ ಕೊಡುತ್ತಿದ್ದಳು. ಸಣ್ಣ ದನಿಯಲ್ಲಿ ಮರಾಠಿ ಶುರುಮಾಡಿದ ಮೇಲೆ ಎದ್ದು ಹೋಗುತ್ತಾಳೆ.

ಒಂದು ಕೆಲಸ ಮಾಡಿರಿ. ಅವಳು ಆಟದಲ್ಲಿದ್ದಾಗ ಹಿಂದೆ ನಿಂತುಕೊಂಡು, ಕನ್ನಡದಲ್ಲೇ, ಮೊದಲು ಮೆಲ್ಲಗೆ ಕರೆಯಿರಿ. ಆಮೇಲೆ ಎಲ್ಲರೂ ಮಾತಾಡುವಷ್ಟು ದನಿಯಲ್ಲಿ. ಕೊನೆಗೆ ನಿಮ್ಮ ಗೂಡ್ಸ್ ಶೆಡ್ಡಿನ ದನಿಯಲ್ಲಿ. ನಿಮ್ಮ ನೆರಳು ಅವಳ ಮುಂದೆ ಬೀಳದಿರಲಿ. ಏನಾಯಿತೆಂದು ಅಂದೇ ಬರೆಯಿರಿ. ನನಗೆ ಇಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಗೋದಾವರಿ


ನಾಶಿಕ ರೋಡ್
೨೭ ಸೆಪ್ಟೆಂಬರ್ ೧೯೮೬

ಯವ್ವಾ ಗೋದಾವರಿ,

ನೀನು ಹೇಳಿದ ಹಾಗೆ ಮಾಡಿದೆ.

ಅವಳು ಹಿತ್ತಲಿನಲ್ಲಿ ಮಣ್ಣಿನ ರೊಟ್ಟಿ ತಟ್ಟುತ್ತಿದ್ದಳು. ಹಿಂದೆ ನಿಂತು "ನೀರವ್ವಾ" ಎಂದು ಮೆಲ್ಲಗೆ ಕರೆದೆ. ಇಲ್ಲ. ಸಾದಾ ದನಿಯಲ್ಲಿ ಕರೆದೆ. ರೊಟ್ಟಿ ತಟ್ಟುತ್ತಲೇ ಇದ್ದಳು. ಈರಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನನ್ನ ಹಳೆಯ ದನಿ ತೆಗೆದು ಕೂಗಿದೆ. ತಿರುಗಿದಳು ನೋಡು! ನನ್ನನ್ನು ಕಂಡವಳೇ ಎಷ್ಟು ಖುಷಿಯಾಗಿ ನಕ್ಕಳೆಂದರೆ, ಮುತ್ಯಾ ಇಷ್ಟು ದಿವಸ ಊರಿಗೆ ಹೋಗಿದ್ದ, ಈಗ ಬಂದ ಅನ್ನುವ ಹಾಗೆ. ಮಣ್ಣುಗೈಯಲ್ಲೇ ಓಡಿ ಬಂದಳು. ಅಲ್ಲೇ ಕೆಳಗೆ ಕೂತೆ, ತೊಡೆ ಏರಿದಳು. ನಾನು ಅತ್ತೆ. ಈ ವಯಸ್ಸಿನಲ್ಲಿ, ನೆರೆಹೊರೆ ನೋಡುತ್ತಿರುವಾಗ, ಅತ್ತೆ.

ಭಾಷೆಯ ತಂಟೆ ಅಲ್ಲವೇ ಅಲ್ಲ ಇದು, ಕಿವಿಯದು. ಮರಾಠಿ ಟೀಚರು ದೂರ ನಿಂತು ಮೆಲ್ಲಗೆ ಹೇಳುತ್ತಿದ್ದಳು, ಮುಟ್ಟಲಿಲ್ಲ. ನನ್ನ ಕನ್ನಡ ಹತ್ತಿರದಲ್ಲಿ ಗುಡುಗುತ್ತಿತ್ತು, ಮುಟ್ಟಿತು. ನಾವೆಲ್ಲ ಏನು ತಿಳಿದೆವು? ಕನ್ನಡ ಬರುತ್ತದೆ, ಮರಾಠಿ ಬರುವುದಿಲ್ಲ ಎಂದು ತಿಳಿದೆವು. ತಿಳಿದು ಏನು ಮಾಡಿದೆವು? ಆ ಕೂಸಿಗೆ ಕೇಳುತ್ತಿದ್ದದ್ದು ಇದೊಂದೇ ದನಿ, ಅದನ್ನೂ ಮುಚ್ಚಿಸಿದೆವು.

ವೈಜನಾಥ ಬಂದ ಮೇಲೆ ಹೇಳಿದೆ. ಅವನು ನಂಬಲಿಲ್ಲ. ತಾನೂ ಹಿಂದೆ ನಿಂತು ಕರೆದು ನೋಡಿದ. ಆಮೇಲೆ ಸೈಕಲ್ ತೆಗೆದುಕೊಂಡು ಎಲ್ಲಿಗೋ ಹೋದ, ಬಂದ ಮೇಲೆ ಮಗಳನ್ನು ಎದೆಗೆ ಹಾಕಿಕೊಂಡು ಮಲಗಿದ. ನಿನ್ನ ರಾಜೀನಾಮೆಯ ಮಾತು ಅವನು ತೆಗೆಯಲಿಲ್ಲ, ನಾನೂ ಕೆದಕಲಿಲ್ಲ. ದೀಪಾವಳಿಗೆ ನೀನು ಬಂದ ಕೂಡಲೆ ಕಿವಿ ಡಾಕ್ಟರಿಗೆ ತೋರಿಸೋಣ.

ಕನ್ನಡವನ್ನು ಮನೆಯೊಳಗೆ ವಾಪಸು ಕರೆದುಕೊಂಡಿದ್ದೇನೆ. ಯಾರನ್ನೂ ಕೇಳಲಿಲ್ಲ.

ಮನ್ಮಥಪ್ಪ


ಔರಂಗಾಬಾದ
೧೭ ನವೆಂಬರ್ ೧೯೮೬

ಮಾವನವರಿಗೆ ಶರಣು.

ಸುರಕ್ಷಿತವಾಗಿ ಬಂದು ಮುಟ್ಟಿದೆ. ನಿಮ್ಮ ಮಗ ಬಸ್‌ಸ್ಟ್ಯಾಂಡಿಗೆ ಬಂದರು, ಟಿಕೆಟ್ ತೆಗೆದರು, ಕಿಟಕಿ ಸೀಟು ಹಿಡಿದು ಕೊಟ್ಟರು. ಬಸ್ಸು ಬಿಡುವತನಕ ಕೆಳಗೆ ನಿಂತೇ ಇದ್ದರು.

ಡಾಕ್ಟರು ಕೊಟ್ಟ ಯಂತ್ರದ ಡಬ್ಬಿಯನ್ನು ಎದೆಗೆ ಕಟ್ಟಿ, ತಂತಿಯನ್ನು ಕಿವಿಗೆ ಸಿಕ್ಕಿಸಿದಾಗ ಅವಳು ಬೆಚ್ಚಿದ್ದು ಇನ್ನೂ ಕಣ್ಣ ಮುಂದಿದೆ. ಒಲೆಯ ಮೇಲಿನ ಒಗ್ಗರಣೆ ಚಟಪಟ ಅಂದದ್ದಕ್ಕೆ "ಏನದು, ಏನದು?" ಎಂದು ಅಡುಗೆಮನೆಗೆ ಓಡಿದಳಲ್ಲ, ಅತ್ತೆಯವರು ಅವಳನ್ನು ಎತ್ತಿಕೊಂಡು ಮತ್ತೆ ಮತ್ತೆ ಸಾಸಿವೆ ಸಿಡಿಸಿ ತೋರಿಸಿದರಲ್ಲ. ಇಲ್ಲಿ ಒಬ್ಬಳೇ ಕೂತು ಅದನ್ನೇ ನೆನೆಯುತ್ತೇನೆ.

ಆದರೆ ಶಾಲೆಯ ಮುಖ್ಯಾಧ್ಯಾಪಕಿ ಹೇಳಿದ್ದು ಕೇಳಿದಿರಿ. ಯಂತ್ರ ಹಾಕಿದ ಮಗುವನ್ನು ಸಂಭಾಳಿಸಲು ನಮಗೆ ಬರುವುದಿಲ್ಲ, ಪುಣೆಯಲ್ಲಿ ಕಿವುಡರ ಶಾಲೆಯಿದೆ, ಹಾಸ್ಟೆಲ್ಲಿನಲ್ಲಿ ಬಿಡಿರಿ ಎಂದರು. ಆರು ವರ್ಷದ ಕೂಸನ್ನು ಹಾಸ್ಟೆಲ್ಲಿಗೆ ಹೇಗೆ ಬಿಡಲಿ? ಈಗಷ್ಟೇ ಅವಳಿಗೆ ನಮ್ಮ ದನಿ ಕೇಳಿಸುತ್ತಿದೆ.

ನಾನು ನಿಶ್ಚಯ ಮಾಡಿದ್ದೇನೆ. ಡಿಸೆಂಬರ್ ಮುಗಿಯಲಿ, ರಾಜೀನಾಮೆ ಕೊಟ್ಟು ಬಂದುಬಿಡುತ್ತೇನೆ. ಮನೆಯಲ್ಲೇ ಅವಳಿಗೆ ಕಲಿಸುತ್ತೇನೆ. ನಿಮ್ಮ ಮಗ ಹೇಳಿದರೆಂದಲ್ಲ, ಅವರು ದೀಪಾವಳಿಯಲ್ಲಿ ಆ ಮಾತು ಎತ್ತಲೂ ಇಲ್ಲ. ಮಂದಿಯ ಮಕ್ಕಳ ಮುಖ ನೋಡಿ ಪಾಠ ಹೇಳಲು ಕಲಿತೆ, ನನ್ನ ಮಗಳನ್ನು ಆರು ವರ್ಷ ಕಣ್ಣೆದುರಿಗೇ ಇಟ್ಟುಕೊಂಡು ನೋಡಲಿಲ್ಲ. ಯಾವ ಮುಖ ಹೊತ್ತು ಕ್ಲಾಸಿನಲ್ಲಿ ನಿಲ್ಲಲಿ? ಸಗುಣಾ ಮತ್ತೆ ಬರತೊಡಗಿದ್ದಾಳೆ. ಮೊನ್ನೆ ಮೊದಲ ಸಲ ಎದ್ದು ನಿಂತು ಪ್ರಶ್ನೆ ಕೇಳಿದಳು. ಅವಳಿಗೆ ಇನ್ನೂ ಹೇಳಿಲ್ಲ, ಹೇಳುವುದೇ ಕಷ್ಟ.

ಗೋದಾವರಿ


ನಾಶಿಕ ರೋಡ್
೫ ಡಿಸೆಂಬರ್ ೧೯೮೬

ಗೋದಾವರಿಗೆ,

ನೀನು ರಾಜೀನಾಮೆ ಕೊಡಕೂಡದು. ಈ ಮಾತನ್ನು ಮೊದಲೇ ಬರೆದುಬಿಟ್ಟೆ, ಇನ್ನು ಸಾವಕಾಶ ಓದು.

ನಿನ್ನ ಕಾಗದವನ್ನು ಈರಮ್ಮನಿಗೆ ಓದಿ ಹೇಳಿದೆ. ಅವಳು, "ಹೆಣ್ಣಮಗಳು ಓದಿದ್ದೆಲ್ಲ ಒಲಿಗಿ ಹಾಕ್ಲತ್ತಾಳ, ನೀವು ಗಂಡಸರು ನೋಡ್ಕೋತ ಕುಂಡ್ರಿ" ಎಂದು ಬೈದಳು. ನನಗೆ ರೋಷ ಬಂತು. ಕೋಟು ಹಾಕಿಕೊಂಡು ಸೀದಾ ಶಾಲೆಗೆ ಹೋದೆ. ಪ್ರೇಮಾಬಾಯಿಯನ್ನು ಎದುರಿಗೆ ಕೂಡಿಸಿಕೊಂಡು, ಪೈಠಣದ ಹುಡುಗಿಯ ಸಂಗತಿಯನ್ನೆಲ್ಲ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಈ ಸಲ ಸಣ್ಣ ದನಿಯಲ್ಲಲ್ಲ. ಮೊದಲು ಬರೆಯಬೇಕು, ಆಮೇಲೆ ತಿರುಗಿ ಹೇಳಬೇ‍ಕು. ತಿಳಿಯಿತಾ ಅಂತ ಕೇಳಬಾರದು, ಏನು ತಿಳಿಯಿತು ಹೇಳು ಅನ್ನಬೇಕು. ನಮ್ಮ ಸೊಸೆ ಎಮ್.ಎ. ಕ್ಲಾಸಿಗೇ ಹೀಗೆ ಕಲಿಸುತ್ತಾಳೆ, ಎಂದೆ. ಅವಳು, "ಹುಡುಗಿ ಮಂದ ಅಂದುಬಿಟ್ಟೆನಲ್ಲ, ಆಜೋಬಾ" ಎಂದು ಕಣ್ಣು ಒರೆಸಿಕೊಂಡಳು. ಮುಖ್ಯಾಧ್ಯಾಪಕಿಯ ಹತ್ತಿರ ನನ್ನ ಪರವಾಗಿ ಜಗಳಾಡಿದವಳು ಅವಳೇ. ವಾರ್ಷಿಕ ಪರೀಕ್ಷೆಯತನಕ ಇಟ್ಟುಕೊಳ್ಳುತ್ತಾರೆ. ಯಂತ್ರ ಕೆಟ್ಟರೆ ನೋಡಿಕೊಳ್ಳಲು ಮನೆಯವರೊಬ್ಬರು ಶಾಲೆಯಲ್ಲಿರಬೇಕೆಂದು ಷರತ್ತು. ಇದ್ದೇನೆ. ಒಂದನೇ ಇಯತ್ತೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತು ಅ, ಆ, ಇ, ಈ ಮರಾಠಿಯಲ್ಲಿ ಕಲಿಯುತ್ತಿದ್ದೇನೆ. ನನ್ನ ಸಹಪಾಠಿಗಳು ನನ್ನ ತಂಬಾಕಿನ ಡಬ್ಬಿ ಎರಡು ಸಲ ಬಚ್ಚಿಟ್ಟರು.

ಇನ್ನೊಂದು ಸುದ್ದಿ ಉಂಟು. ಯಂತ್ರ ಇದ್ದರೂ ನೀರಜಾ ಮಾತಾಡುವವರ ತುಟಿಯನ್ನೇ ನೋಡುತ್ತಾಳೆ. ನನ್ನ ಎದುರು ಕೂತಾಗೆಲ್ಲ ಪುಟ್ಟ ಬೆರಳಿನಿಂದ ನನ್ನ ಮೀಸೆ ಮೇಲಕ್ಕೆತ್ತಿ ನೋಡುತ್ತಿದ್ದಳು. ನನಗೆ ತಮಾಷೆ ಅನ್ನಿಸುತ್ತಿತ್ತು. ಒಂದು ದಿನ ಹೊಳೆಯಿತು, ಇದು ತಮಾಷೆಯಲ್ಲ, ಮೀಸೆಯ ಕೆಳಗೆ ನನ್ನ ಮಾತು ಕಾಣುತ್ತಿಲ್ಲ ಎಂದು. ಹಜಾಮನಲ್ಲಿಗೆ ಹೋಗಿ ತೆಗೆಸಿಬಿಟ್ಟೆ.

ನಮ್ಮಲ್ಲಿ ಹಿರಿಯರು ತೀರಿಕೊಂಡರೆ ಅಷ್ಟೇ ಮೀಸೆ ತೆಗೆಸುವುದು, ನಿನಗೆ ಗೊತ್ತು. ಬೀದರ ಕಡೆಯ ನಾಲ್ಕು ಮನೆಯವರು ಮುಖ ಸಣ್ಣದು ಮಾಡಿಕೊಂಡು ಬಂದರು. ಯಾರು ಹೋದರು, ಯಾವಾಗ, ಊರಿಗೆ ಯಾಕೆ ಹೋಗಲಿಲ್ಲ! ಈರಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು, "ಯಾರೂ ಸತ್ತಿಲ್ರೀ. ಇವರ ಮೀಸಿ ಸತ್ತದ, ಮಣ್ಣು ಮುಗೀತು, ಚಹಾ ಕುಡದು ಹೋಗ್ರಿ" ಅಂದಳು. ವೈಜನಾಥ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮರುದಿನ ಸಂಜೆ ಅವನೂ ಬೋಳು ತುಟಿಯಲ್ಲಿ ಮನೆಗೆ ಬಂದ. ಆ ಹೀರೋ ಮೀಸೆಗೆ ಎಷ್ಟು ಕತ್ತರಿ ಕನ್ನಡಿ ಹಿಡಿದಿದ್ದನೋ!

ಈಗ ನನ್ನ ಮಾತು. ನೀನು ಆ ಪೈಠಣದ ಹುಡುಗಿಯನ್ನು ಹುಡುಕಿಕೊಂಡು ಹೋಗದಿದ್ದರೆ ನಮ್ಮ ನೀರಜಾ ಮಂದಬುದ್ಧಿ ಎಂದೇ ಬೆಳೆಯುತ್ತಿದ್ದಳು. ಅವಳ ತಾಯಿ ಮನೆಯಲ್ಲಿದ್ದಿದ್ದರೂ ಹಾಗೇ ಆಗುತ್ತಿತ್ತು, ಯಾಕೆಂದರೆ ನಾವೆಲ್ಲ ಮನೆಯಲ್ಲೇ ಇದ್ದೆವು. ನೀನು ಅಲ್ಲಿ ನಿಂತು ಕಲಿಸು, ನಾನು ಇಲ್ಲಿ ಕೂತು ಕಲಿಸುತ್ತೇನೆ. ಶನಿವಾರಕ್ಕೊಮ್ಮೆ ಬಂದು ನಮ್ಮಿಬ್ಬರ ಪರೀಕ್ಷೆ ತಗೋ.

ಮನ್ಮಥಪ್ಪ


ಔರಂಗಾಬಾದ
೨೦ ಜೂನ್ ೧೯೮೭

ಮಾವನವರಿಗೆ ಶರಣು.

ನೀರಜಾ ಪಾಸಾದ ಪೇಢಾ ಡಬ್ಬಿ ಮುಟ್ಟಿತು. ನನ್ನ ಫಲಿತಾಂಶವೂ ಬಂದಿದೆ. ಮಗಳು ಪಾಸು, ತಾಯಿ ನಾಪಾಸು! ತರಗತಿಯ ಮಟ್ಟ ಇಳಿಸಿದ್ದಾರೆ ಎಂದು ಮುಖ್ಯಸ್ಥರು ವರದಿ ಬರೆದಿದ್ದಾರೆ. ಕಾಯಂ ಮಾಡದೆ ಇನ್ನೊಂದು ವರ್ಷ ಪರೀಕ್ಷಾವಧಿಯಲ್ಲಿ ಇಟ್ಟಿದ್ದಾರೆ. ಸಮಿತಿಯವರು ನನ್ನನ್ನು ಕರೆಸಿ, ಪದ್ಧತಿ ಬದಲಿಸುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ.

ಇನ್ನೊಂದು ನಿಮಗೆ ಹೇಳಬೇಕು. ನಿಮ್ಮ ಮಗ ಪೈಠಣಕ್ಕೆ ಏನೋ ಕೆಲಸವಿದೆ ಎಂದು ಹೋದರಲ್ಲ, ಹೋದದ್ದು ಪೈಠಣಕ್ಕಲ್ಲ. ನಾನು ಬೋರ್ಡಿನ ಮೇಲೆ ಬರೆದು ತಿರುಗಿದರೆ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಹೇಗೋ ಪಾಠ ಮುಗಿಸಿದೆ. ಹುಡುಗರೆಲ್ಲ ಹೋದ ಮೇಲೆ ಹತ್ತಿರ ಬಂದು, "ನನಗೂ ತಿಳೀತಲ್ಲ!" ಎಂದರು. ಆಮೇಲೆ, ಚಹಾ ಎಲ್ಲಿ ಚಲೋ ಸಿಗತದ, ಅಂದರು. ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದೆವು. ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯಿತು. ನೀವು ಅವರನ್ನು ಏನೂ ಕೇಳಬೇಡಿರಿ, ನಾಚಿಕೊಳ್ಳುತ್ತಾರೆ.

ಗೋದಾವರಿ


ನಾಶಿಕ
೧೨ ಅಕ್ಟೋಬರ್ ೧೯೯೪

ಅವ್ವಾ,

ಫೋನಿನಲ್ಲಿ ನನಗೆ ಮಾತು ತಿಳಿಯುವುದಿಲ್ಲ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಈ ಸಲ ಮುತ್ಯಾ ತಿದ್ದಿಲ್ಲ. ತಪ್ಪಿದ್ದರೆ ನನ್ನವೇ.

ಮೊದಲು ಹೇಳಿಬಿಡುತ್ತೇನೆ, ಮುತ್ಯಾ ಆರಾಮಿದ್ದಾನೆ. ಗಂಟಲಿನ ಗಡ್ಡೆಯ ಆಪರೇಷನ್ ನೀನು ಬಂದ ಮೇಲೆ ಮುಂದಿನ ವಾರ ಇತ್ತಲ್ಲ. ಸೋಮವಾರ ಉಸಿರು ಸಿಕ್ಕಿಕೊಂಡಿತು, ಡಾಕ್ಟರು ಅಂದೇ ಮಾಡಿಬಿಟ್ಟರು. ಗಡ್ಡೆ ತೆಗೆದರು. ಅದರ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಇನ್ನು ಮುತ್ಯಾನಿಗೆ ದನಿ ಬರುವುದಿಲ್ಲ ಎಂದು ಹೇಳಿದರು. ಈರಮ್ಮ ಆಯಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು, ಆ ದನಿ ಇಲ್ಲದ ಮನಿಯಾಗ ನಾ ಹ್ಯಾಂಗ ಇರಲಿ, ಎಂದು ಬಹಳ ಅತ್ತಳು. ಅಪ್ಪನೂ ಅತ್ತ. ನಾನು ನೋಡಲಿಲ್ಲ ಅಂದುಕೊಂಡಿದ್ದಾನೆ.

ನಿನ್ನೆ ಮುತ್ಯಾ ಪೂರ್ತಿ ಎಚ್ಚರಾದ. ಏನೋ ಹೇಳತೊಡಗಿದ. ಕೈಗೆ ಸಲೈನ್ ಹಚ್ಚಿದ್ದಾರೆ, ಇನ್ನೊಂದು ಕೈ ನಡುಗುತ್ತದೆ, ಬರೆಯಲಾಗುವುದಿಲ್ಲ. ಅಪ್ಪ, ಆಯಿ, ನರ್ಸ್ ಒಬ್ಬೊಬ್ಬರಾಗಿ ಬಗ್ಗಿ ಅವನ ಬಾಯಿಯ ಹತ್ತಿರ ಕಿವಿ ಒಯ್ದರು. ದನಿಯೇ ಇಲ್ಲದ ಮೇಲೆ ಕಿವಿ ಒಯ್ದರೆ ಏನು ಬರುತ್ತದೆ ಅವ್ವಾ? ಮುತ್ಯಾನಿಗೆ ಸಿಟ್ಟು ಬಂದು ಮುಖ ಕೆಂಪಾಯಿತು. ನಾನು ಎಲ್ಲರನ್ನೂ ಸರಿಸಿ, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ನನಗೆ ಎಲ್ಲ ತಿಳಿಯಿತು. ಮೊದಲಿನ ಹಾಗೇ ತಿಳಿಯಿತು, ಏನೂ ಕಡಿಮೆಯಾಗಿಲ್ಲ.

ಮೊದಲು ಕನ್ನಡಕ ಕೇಳಿದ. ಆಮೇಲೆ, "ನಿಮ್ಮ ಆಯಿಗಿ ಉಣ್ಣು ಅಂತ ಹೇಳು, ನಿನ್ನಿಲಿಂದ ಉಪಾಸ ಕುಂತಾಳ" ಎಂದ. ನಾನು ಗಟ್ಟಿಯಾಗಿ ಹೇಳಿದ ಕೂಡಲೆ ಆಯಿ, "ಖರೇ ಅಂದರೇನೇ? ಹಂಗೇ ಅಂದರಾ?" ಎಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಆಮೇಲೆ ವಾರ್ಡ್‌ಬಾಯ್‌ಗೆ ಒಂದು ಮಾತು ಅಂದ. ಅದನ್ನು ನಾನು ಮರಾಠಿಯಲ್ಲಿ ಅರ್ಧ ಮಾತ್ರ ಹೇಳಿದೆ.

ಅಪ್ಪ ವಿಶ್ವವಿದ್ಯಾಲಯದ ಆಫೀಸಿಗೆ ಫೋನ್ ಮಾಡಿ ನಿನ್ನನ್ನು ಕರೆಸುತ್ತೇನೆ ಎಂದು ಎದ್ದ. ಮುತ್ಯಾ ಹಾಸಿಗೆಯ ಮೇಲೆ ಕೈ ಬಡಿದು, "ಬ್ಯಾಡ" ಅಂದ. "ಆಕಿ ಮಾಸ್ತರಗೋಳಿಗಿ ಹ್ಯಾಂಗ ಕಲಿಸಬೇಕು ಅಂತ ಕಲಿಸ್ಲತ್ತಾಳ. ಮಟ್ಟ ಇಳಸ್ಯಾಳ ಅಂದವರೇ ಇಷ್ಟ್ ವರ್ಷಕ್ಕ ಕರೆದು ಕೇಳ್ಯಾರ. ಶನಿವಾರ ಕ್ಲಾಸ್ ಮುಗಸೇ ಬರಲಿ" ಅಂದ. ಅಪ್ಪ ಎರಡು ಸಲ ನನ್ನನ್ನು ಕೇಳಿದ, ಹೌದೇನು, ಹಾಗೇ ಅಂದನೇನು ಎಂದು. ಮೂರನೇ ಸಲ ಕೇಳಲು ಬಾಯಿ ತೆರೆದವನು, ತಾನೇ ಬಂದು ನನ್ನ ಸ್ಟೂಲಿನ ಅಂಚಿಗೆ ಕೂತು ಮುತ್ಯಾನ ತುಟಿ ನೋಡತೊಡಗಿದ. ಒಂದು ಅಕ್ಷರವೂ ಹಿಡಿಯಲಾಗಲಿಲ್ಲ ಅವನಿಗೆ. ಇವತ್ತು ಮತ್ತೆ ಕೂತಿದ್ದಾನೆ.

ನಿನಗೆ ಬಾ ಅಂತ ಬರೆಯಬೇಡ ಎಂದು ಮುತ್ಯಾ ನನಗೂ ಹೇಳಿದ್ದಾನೆ. ನಾನು ಬರೆಯುತ್ತೇನೆ. ಬಾ ಅವ್ವಾ, ನನಗೆ ನೀನು ಬೇಕು. ಆದರೆ ಶನಿವಾರ ಮುಗಿಸಿಯೇ ಬಾ. ನಡುವೆ ಬಿಟ್ಟು ಬಂದರೆ ಅವನು ಬೈಯುತ್ತಾನೆ, ಆ ಬೈಗುಳವನ್ನು ನಿನ್ನ ಎದುರು ನಾನೇ ಹೇಳಬೇಕಾಗುತ್ತದೆ. ನೀನು ಬರುವತನಕ ಇಲ್ಲಿ ಅವನು ಅಂದದ್ದನ್ನೆಲ್ಲ ನಾನು ಗಟ್ಟಿಯಾಗಿ, ಅವನ ಹಾಗೇ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೇನೆ.

ನೀರಜಾ